ಎ.ಸಿ.ಗೆ ನೀರು ಹನಿಸಿದ ವರ್ಷಗಳು

ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೂ ಒಂದು ಅಭ್ಯಾಸ ಬಹಳ ದಿನ ನನ್ನನ್ನು ಬಿಡಲಿಲ್ಲ. ಕರೆಂಟ್ ಹೋದ ಕೂಡಲೇ ಎದ್ದು ನಿಲ್ಲುತ್ತಿದ್ದೆ. ಊಟದ ಮಧ್ಯೆ ಇರಲಿ, ತಲೆಗೆ ಸೋಪು ಹಚ್ಚಿಕೊಂಡಿರಲಿ, ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು. ದಿಲ್ಲಿ ಪಕ್ಕದ ಫರೀದಾಬಾದಿನ ಒಂದು ಕಾರ್ಖಾನೆಯ ಸರ್ವರ್ ರೂಮನ್ನು ನೋಡಿಕೊಳ್ಳುತ್ತಾ ವಯಸ್ಸು ಕಳೆದವನು ನಾನು. ಆ ರೂಮು ಈಗ ಇಲ್ಲ. ಅಲ್ಲಿ ಪ್ಯಾಕಿಂಗ್ ಡಬ್ಬಗಳನ್ನು ಪೇರಿಸಿದ್ದಾರೆ ಎಂದು ಕೇಳಿದ್ದೇನೆ.

ನಮ್ಮ ಕಡೆಯಿಂದ ದಿಲ್ಲಿಗೆ ಬಂದು ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಸಿಕ್ಕಾಗ ಕೇಳುತ್ತಾರೆ: "ಅಂಕಲ್, ಸ್ವಂತ ಸರ್ವರ್ ಇಟ್ಕೊಳ್ಳೋದು ಒಳ್ಳೇದಾ, ಕ್ಲೌಡ್ ಒಳ್ಳೇದಾ?" ಕ್ಲೌಡ್ ಎಂದರೆ ಎಲ್ಲೋ ದೂರದ ದೊಡ್ಡ ಕಟ್ಟಡದಲ್ಲಿ ಬೇರೆಯವರು ನಡೆಸುವ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆಯುವುದು. ಸ್ವಂತದ್ದೆಂದರೆ ಅದೇ ಯಂತ್ರಗಳನ್ನು ಕೊಂಡು, ನಮ್ಮದೇ ಛಾವಣಿಯ ಕೆಳಗಿಟ್ಟು, ನಾವೇ ಸಾಕುವುದು. ಎಸ್ಸೆಸ್ಸೆಲ್ಸಿ ಫೇಲಾದ ನನ್ನನ್ನು ಇಂಥದ್ದು ಕೇಳುತ್ತಾರಲ್ಲ ಎಂದು ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಉತ್ತರ ಗೊತ್ತು. ಅದು ಗೊತ್ತಾಗಲು ನನ್ನ ತಂಗಿಯ ಹೆಸರು ಕೆಡಬೇಕಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾರ್ಖಾನೆಗೆ ಸೇರಿದ್ದು ಎ.ಸಿ. ಮೆಕ್ಯಾನಿಕ್ ಆಗಿ. ಅರಸೀಕೆರೆಯಲ್ಲಿ ಫ್ರಿಜ್ ರಿಪೇರಿ ಕಲಿತು, ಕೆಲಸ ಹುಡುಕಿಕೊಂಡು ರೈಲು ಹತ್ತಿ ಬಂದಿದ್ದೆ. ಅಲ್ಲಿ ಗೇರ್‌ನ ಬಿಡಿಭಾಗಗಳು ತಯಾರಾಗುತ್ತಿದ್ದವು. ಆಫೀಸಿನ ಹಿಂದೆ, ಪಶ್ಚಿಮದ ಗೋಡೆಗೆ ಅಂಟಿಕೊಂಡ ಒಂದು ರೂಮಿನಲ್ಲಿ ಬೀರುವಿನಂಥ ಕರಿ ಪೆಟ್ಟಿಗೆಗಳು ಸದಾ ಗುಂಯ್ ಎನ್ನುತ್ತಿದ್ದವು. ಕಾರ್ಖಾನೆಯ ಆರ್ಡರು, ಚಲನ್, ಹಾಜರಿ, ಸಂಬಳ ಎಲ್ಲವೂ ಅವುಗಳ ಹೊಟ್ಟೆಯಲ್ಲಿ. ಮ್ಯಾನೇಜರ್ ತನೇಜಾ ಜೀ ಮೊದಲ ದಿನ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕೈ ತೋರಿಸಿದರು.

"ಶಿವಾ ಜೀ, ಇವು ಕಂಪ್ಯೂಟರ್ ಅಂತ ತಿಳೀಬೇಡ. ಇವು ದಾಮಾದ್. ಅಳಿಯಂದಿರು! ಸದಾ ತಣ್ಣಗಿರಬೇಕು, ಸದಾ ಕರೆಂಟ್ ಬೇಕು. ಒಂದು ದಿನ ಮುನಿಸಿಕೊಂಡರೆ ಇಡೀ ಮನೆ ಉಪವಾಸ."

ಶಿವಣ್ಣನಾಗಿದ್ದ ನಾನು ಅಂದಿನಿಂದ ಶಿವಾ ಜೀ ಆದೆ. ಅಳಿಯಂದಿರ ಸೇವೆ ಶುರುವಾಯಿತು.

ಮೊದಲ ಬೇಸಿಗೆಯಲ್ಲೇ ಒಂದು ದೊಡ್ಡ ಪೆದ್ದುತನ ಮಾಡಿದೆ. ಒಂದು ಮಧ್ಯಾಹ್ನ ಎ.ಸಿ. ಕೈಕೊಟ್ಟಿತು. ಬಿಡಿಭಾಗ ಬರಲು ಎರಡು ದಿನ ಬೇಕು. ಕ್ಯಾಂಟೀನಿನಲ್ಲಿ ದೊಡ್ಡ ಕೂಲರ್ ಇತ್ತು, ಹುಲ್ಲಿನ ತಡಿಕೆಯ ಮೇಲೆ ನೀರು ಸುರಿದು ಗಾಳಿ ಬೀಸುವಂಥದ್ದು. ಅದನ್ನು ತಳ್ಳಿಕೊಂಡು ಬಂದು ಸರ್ವರ್ ರೂಮಿನ ಬಾಗಿಲಿಗೆ ಇಟ್ಟೆ. ರೂಮು ಸುಖವಾಗಿ ತಣ್ಣಗಾಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ತನೇಜಾ ಜೀ ಕೂಡ "ವಾಹ್" ಅಂದರು. ಆದರೆ ಆ ಗಾಳಿಯ ತೇವ, ಜೊತೆಗೆ ಬೋರ್‌ವೆಲ್ ನೀರಿನ ಉಪ್ಪು, ಯಂತ್ರದ ಒಳಗೆಲ್ಲ ಹೊಕ್ಕಿತ್ತು. ಕೆಲವು ವಾರಗಳ ನಂತರ ಒಂದು ಪೆಟ್ಟಿಗೆ ಸತ್ತಿತು. ಕಂಪನಿಯವರು ಬಿಚ್ಚಿ ನೋಡಿದರೆ ಒಳಗಿನ ಹಸಿರು ಹಲಗೆಯ ಮೇಲೆ ಬಿಳಿ ಬೂಷ್ಟಿನಂತೆ ಉಪ್ಪು ಕೂತಿತ್ತು.

"ಇದನ್ನ ಸಮುದ್ರದ ದಂಡೇಲಿ ಇಟ್ಟಿದ್ರಾ?" ಎಂದು ಕೇಳಿದ ಬಂದಿದ್ದ ಇಂಜಿನಿಯರ್.

"ಫರೀದಾಬಾದಿಗೆ ಸಮುದ್ರ ತಂದವನು ಇಲ್ಲೇ ನಿಂತಿದ್ದಾನೆ," ಎಂದು ತನೇಜಾ ಜೀ ನನ್ನನ್ನು ತೋರಿಸಿದರು. ಬೈದರೂ ಕೆಲಸದಿಂದ ತೆಗೆಯಲಿಲ್ಲ.

ಆಗ ಬ್ಯಾಕಪ್ ಎಂದರೆ ಟೇಪ್. ಯಂತ್ರ ಕೆಟ್ಟರೂ ಮಾಹಿತಿ ಉಳಿಯಲಿ ಎಂದು ಕ್ಯಾಸೆಟ್ಟಿನಂಥದ್ದರಲ್ಲಿ ನಕಲು ಮಾಡುತ್ತಿದ್ದೆವು. ಕಾರ್ಖಾನೆಗೆ ಬೆಂಕಿ ಬಿದ್ದರೆ ನಕಲೂ ಹೋಗಬಾರದಲ್ಲ, ಅದಕ್ಕೆ ಶನಿವಾರದ ಟೇಪನ್ನು ನಾನು ಊಟದ ಚೀಲದಲ್ಲಿಟ್ಟುಕೊಂಡು ನನ್ನ ಬಾಡಿಗೆ ಕೋಣೆಗೆ ಒಯ್ಯುತ್ತಿದ್ದೆ. ಇಡೀ ಕಾರ್ಖಾನೆಯ ಹಣೆಬರಹ ನನ್ನ ಟ್ರಂಕಿನಲ್ಲಿ, ಸ್ವೆಟರಿನ ಕೆಳಗೆ ಮಲಗಿರುತ್ತಿತ್ತು. ಒಮ್ಮೆ ಸಾರು ಚೆಲ್ಲಿ ಒಂದು ಟೇಪು ಹಾಳಾಯಿತು. ಆದರೂ ಆ ಕ್ರಮ ಒಳ್ಳೆಯದಿತ್ತು. ಆಮೇಲೆ ಟೇಪ್ ಹೋಗಿ ಹಾರ್ಡ್ ಡಿಸ್ಕ್ ಬಂತು. ನಕಲು ತಾನಾಗಿಯೇ ಆಗತೊಡಗಿತು, ಡಿಸ್ಕು ಅದೇ ರೂಮಿನಲ್ಲಿ, ಪೆಟ್ಟಿಗೆಯ ತಲೆಯ ಮೇಲೆ ಕೂತಿತು. ಮನೆಗೆ ಒಯ್ಯುವುದು ನಿಂತಿತು. ಯಾರೂ ಅದನ್ನು ಗಮನಿಸಲಿಲ್ಲ. ಗಮನಿಸಬೇಕಾದವನು ನಾನು. ಚೀಲ ಹಗುರಾಯಿತು ಎಂದು ಖುಷಿಪಟ್ಟೆ.

ವರ್ಷ ಕಳೆದಂತೆ ಕಾರ್ಖಾನೆ ಬೆಳೆಯಿತು, ಪೆಟ್ಟಿಗೆಗಳು ಹೆಚ್ಚಿದವು, ರೂಮು ಮಾತ್ರ ಅಷ್ಟೇ ಇತ್ತು. ಮೇ, ಜೂನ್ ಬಂತೆಂದರೆ ಎ.ಸಿ.ಯ ಹೊರಗಿನ ಭಾಗಕ್ಕೆ ಪಶ್ಚಿಮದ ಬಿಸಿಲು ನೇರ ಹೊಡೆಯುತ್ತಿತ್ತು. ಮಧ್ಯಾಹ್ನವಾದರೆ ಅದು ಏದುಸಿರು ಬಿಟ್ಟು ನಿಂತುಬಿಡುವ ಹಾಗಾಗುತ್ತಿತ್ತು. ನಾನೊಂದು ಉಪಾಯ ಮಾಡಿದೆ. ತೋಟದ ಪೈಪನ್ನು ಗೋಡೆಯ ಮೇಲಿಂದ ಎಳೆದು ಅದರ ಜಾಲರಿಯ ಮೇಲೆ ನೀರು ಹನಿಸುವುದು, ಮೇಲೆ ಒದ್ದೆ ಗೋಣಿಚೀಲ ಹೊದಿಸುವುದು, ಚೀಲ ಒಣಗಿದ ಹಾಗೆ ಮತ್ತೆ ತೋಯಿಸುವುದು. ಲೂ ಎನ್ನುವ ಸುಡುಗಾಳಿ ಬೀಸುವ ದಿನಗಳಲ್ಲಿ ಚೀಲ ಎಷ್ಟು ಬೇಗ ಒಣಗುತ್ತದೆಂದು ಇಲ್ಲಿ ಇದ್ದವರಿಗೇ ಗೊತ್ತು. ಭಾನುವಾರವೂ ಬರಬೇಕು, ಹಬ್ಬಕ್ಕೂ ಬರಬೇಕು, ಏಕೆಂದರೆ ಯಂತ್ರಗಳಿಗೆ ರಜೆ ಇಲ್ಲ. ರೂಮು ಬಿಸಿಯೇರಿದರೆ ಕೂಗುವ ಒಂದು ಗಂಟೆ ಇತ್ತು. ದಿನಾ ಮಧ್ಯಾಹ್ನ ಅದು ಕೂಗಿದರೆ ಎಲ್ಲರಿಗೂ ವಿಷಯ ತಿಳಿಯುತ್ತದೆ ಎಂದು ಅದರ ತಂತಿ ಕಿತ್ತೆ.

ಯಾಕೆ ತಿಳಿಯಬಾರದು? ತಿಳಿದರೆ ರೂಮು ಮುಚ್ಚುತ್ತಾರೆ ಎಂಬ ಭಯ. ಅಲ್ಲಿ ನಾನು ಶಿವಾ ಜೀ. ಕಾರ್ಖಾನೆಯ ಮಾಲೀಕರಾದ ದೊಡ್ಡ ಸಾಹೇಬರೂ ನನ್ನನ್ನು ಕೇಳಿಯೇ ಒಳಗೆ ಬರುತ್ತಿದ್ದರು. ಹೊರಗೆ ನಾನು ಹತ್ತನೇ ಕ್ಲಾಸು ದಾಟದ, ಮದುವೆಯಾಗದ ಮೆಕ್ಯಾನಿಕ್.

ಇನ್ನು ನನ್ನ ತಂಗಿ ವಿಮಲಾ. ಅಪ್ಪ ಅಮ್ಮ ಬೇಗ ಹೋದರು, ಉಳಿದದ್ದು ನಾವಿಬ್ಬರೇ. ಅವಳು ಓದಿನಲ್ಲಿ ಚುರುಕು. ಇಂಜಿನಿಯರಿಂಗ್ ಮುಗಿಸಿ, ಮೇಲಿನ ಓದಿಗೆ ದಿಲ್ಲಿಯ ಹೌಜ್ ಖಾಸ್‌ನ ಕಾಲೇಜಿಗೆ ಬಂದಳು. ಅಲ್ಲಿ ಜೊತೆಗೆ ಓದುತ್ತಿದ್ದ ಧಾರವಾಡದ ಅನ್ವರ್‌ನನ್ನು ಮದುವೆಯಾದಳು. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕ್ಷಿ ಸಹಿ ಹಾಕಿದ್ದು ನಾನೇ. ಮಾತು ಕಡಿಮೆಯವನು, ಅವತ್ತೂ ಏನೂ ಹೇಳಲಿಲ್ಲ. ಅವರು ಜನಕಪುರಿಯಲ್ಲಿ ಮನೆ ಮಾಡಿದರು, ಸಾರಾ ಹುಟ್ಟಿದಳು. ವಿಮಲಾ ಕೆಲಸ ಬಿಟ್ಟು ಸ್ವಂತ ಸಣ್ಣ ಕಚೇರಿ ತೆರೆದಳು. ಕಾರ್ಖಾನೆಗಳಿಗೆ, ಕಂಪನಿಗಳಿಗೆ ನಿಮ್ಮ ಕಂಪ್ಯೂಟರ್ ವ್ಯವಸ್ಥೆ ಹೀಗಿರಲಿ ಎಂದು ಸಲಹೆ ಕೊಡುವ ಕೆಲಸ.

ನಮ್ಮ ಯಂತ್ರಗಳು ಹಳತಾದಾಗ ಕ್ಲೌಡಿಗೆ ಹೋಗೋಣವೇ ಎಂಬ ಮಾತು ಬಂತು. ಯಾರನ್ನು ಕೇಳುವುದು ಎಂದು ತನೇಜಾ ಜೀ ತಲೆ ಕೆರೆದುಕೊಂಡಾಗ "ನನ್ನ ತಂಗಿ ಇದಾಳೆ" ಎಂದೆ. ಅದು ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಇದು ಚೆನ್ನಾಗಿ ಆದರೆ ಅಕ್ಕಪಕ್ಕದ ಕಾರ್ಖಾನೆಗಳೂ ಕರೆಯುವಂತಿದ್ದವು.

ಅವಳು ಬಂದು ನನ್ನನ್ನು ತನೇಜಾ ಜೀ ಅವರ ಕ್ಯಾಬಿನ್ನಿನಲ್ಲಿ ಎದುರು ಕೂರಿಸಿಕೊಂಡಳು.

"ಅಣ್ಣಾ, ಇಲ್ಲಿ ನೀನು ನನ್ನ ಅಣ್ಣ ಅಲ್ಲ, ರೂಮಿನ ಉಸ್ತುವಾರಿ. ಇದ್ದದ್ದು ಇದ್ದ ಹಾಗೆ ಹೇಳು. ಈಚಿನ ಬೇಸಿಗೆಗಳಲ್ಲಿ ಸರ್ವರ್ ಎಷ್ಟು ಸಲ ನಿಂತಿದೆ?"

"ನಿಂತೇ ಇಲ್ಲ." ಅದು ನಿಜ.

"ಎ.ಸಿ. ಸಾಕಾಗುತ್ತಾ?"

"ಬೇಕಾದಷ್ಟು."

"ಒಂದು ವಾರ ಯಾರೂ ಆ ಕಡೆ ತಲೆ ಹಾಕದೇ ಇದ್ರೆ?"

"ತಾನೇ ನಡೀತಿರುತ್ತೆ ಬಿಡು. ಬೀಗ ಹಾಕಿಟ್ಟರೆ ಸಾಕು."

ಅವಳು ನನ್ನ ಮುಖ ನೋಡಿದಳು. ನನ್ನ ಮೇಲೆ ಅವಳಿಗೆ ಎಂಥ ನಂಬಿಕೆ ಎಂದರೆ ಮೂರನೇ ಪ್ರಶ್ನೆಯ ನಂತರ ಬೇರೆ ಯಾರನ್ನೂ ಕೇಳಲಿಲ್ಲ. ಅವಳ ಮನಸ್ಸು ಕ್ಲೌಡಿನ ಕಡೆ ವಾಲಿತ್ತೆಂದು ಆಮೇಲೆ ಗೊತ್ತಾಯಿತು. ಆದರೆ ಒಮ್ಮೆಯೂ ನಿಲ್ಲದ, ಯಾರ ಕಾವಲೂ ಬೇಡದ ವ್ಯವಸ್ಥೆಯನ್ನು ಬಿಡಿ ಎನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಹಳೆಯ ಪೆಟ್ಟಿಗೆಗಳಲ್ಲಿ ಕೆಲವನ್ನು ಮಾತ್ರ ಬದಲಿಸಿ, ಸ್ವಂತದ್ದನ್ನೇ ಮುಂದುವರಿಸಿ ಎಂದು ಹೇಳಿದಳು.

ದೊಡ್ಡ ಸಾಹೇಬರಿಗೆ ಬಹಳ ಖುಷಿಯಾಯಿತು. "ನಾನೂ ಅದೇ ಹೇಳ್ತಿದ್ದೆ ಬೇಟಿ! ಬಾಡಿಗೆ ಮನೇಲಿ ಒಂದು ಮೊಳೆ ಹೊಡೆಯೋದಕ್ಕೂ ಕೇಳಬೇಕು."

ನಾನು ಗೋಡೆಯ ಹಿಂದೆ ಹೋಗಿ ಗೋಣಿಚೀಲ ತೋಯಿಸಿದೆ.

ಮರುವರ್ಷ ಜೂನಿನಲ್ಲಿ ನನಗೆ ಕಾಮಾಲೆಯಾಯಿತು. ಕಣ್ಣು ಹಳದಿ, ನಿಲ್ಲಲು ಶಕ್ತಿಯಿಲ್ಲ. ಆಸ್ಪತ್ರೆಗೆ ಸೇರಿಸಿದರು. ತನೇಜಾ ಜೀ ಫೋನು ಮಾಡಿ, "ಕೀಲಿ ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟಿದೀನಿ. ಅವನಿಗೇನಾದ್ರೂ ಹೇಳಬೇಕಾ?" ಎಂದರು.

ಹೇಳಬೇಕಿದ್ದದ್ದು ಒಂದೇ ಮಾತು: ಮಧ್ಯಾಹ್ನ ಪೈಪು ಬಿಡಲಿ. ಅದನ್ನು ಹೇಳಿದರೆ, ಯಾವತ್ತಿನಿಂದ, ಯಾಕೆ, ತಂಗಿಗೆ ಯಾಕೆ ಹೇಳಲಿಲ್ಲ ಎಂಬುದೆಲ್ಲ ಬರುತ್ತದೆ.

"ಏನಿಲ್ಲ ಜೀ. ಬೀಗ ಹಾಕಿದರೆ ಸಾಕು," ಎಂದೆ.

ಮರುದಿನ ಆಸ್ಪತ್ರೆಯ ಕಿಟಕಿಯಾಚೆ ಲೂ ಬೀಸುತ್ತಿತ್ತು. ಬೇವಿನ ಮರ ಬಳಲಿ ನಿಂತಿತ್ತು. ಫೋನು ಕೈಯಲ್ಲೇ ಇತ್ತು. ಒಂದು ಸಲ ಒತ್ತಿದ್ದರೆ ಸಾಕಿತ್ತು. ಇವತ್ತೊಂದು ದಿನ ಏನಾಗುತ್ತದೆ ಎಂದುಕೊಂಡು ಕಣ್ಣು ಮುಚ್ಚಿದೆ. ಬಿಸಿಲಿಗೆ ಒಣಗುತ್ತಿರುವ ಚೀಲ ಕಣ್ಣೊಳಗೇ ಕಾಣುತ್ತಿತ್ತು.

ಆ ಮಧ್ಯಾಹ್ನವೇ ಎ.ಸಿ. ನಿಂತಿತು. ಬೀಗ ಹಾಕಿದ ರೂಮು ಒಲೆಯಂತೆ ಕಾದಿತು. ಗಂಟೆ ಕೂಗಲಿಲ್ಲ, ಅದರ ಬಾಯಿ ಮುಚ್ಚಿಸಿದವನು ನಾನೇ. ಯಂತ್ರಗಳು ಒಂದೊಂದಾಗಿ ಆರಿದವು, ಕೆಲವು ಮತ್ತೆ ಏಳಲಿಲ್ಲ. ತಲೆಯ ಮೇಲೆ ಕೂತಿದ್ದ ನಕಲಿನ ಡಿಸ್ಕೂ ಅವುಗಳ ಜೊತೆ ಬೆಂದಿತ್ತು. ಚಲನ್ ಇಲ್ಲದೆ ಸಾಮಾನು ಗೇಟು ದಾಟುವಂತಿಲ್ಲ. ಲಾರಿಗಳು ರಸ್ತೆಯುದ್ದಕ್ಕೂ ಸಾಲು ನಿಂತವು. ಯಾವ ಆರ್ಡರು ಎಷ್ಟೆಂದು ತಿಳಿಯದೆ ಕೆಲಸಗಾರರು ಯಂತ್ರ ಆರಿಸಿ ಕೂತರು.

ದೊಡ್ಡ ಸಾಹೇಬರು ವಿಮಲಾಳನ್ನು ಕರೆಸಿದರು. ನಡೆದದ್ದನ್ನು ತನೇಜಾ ಜೀ ಆಮೇಲೆ ನನಗೆ ಹೇಳಿದರು. "ನಿನ್ನ ತಂಗಿ ಒಂದು ನೆಪ ಹೇಳಲಿಲ್ಲ ಶಿವಾ. 'ಸಲಹೆ ನನ್ನದು ಸರ್, ತಪ್ಪೂ ನನ್ನದೇ' ಅಂದಳು." ಹಾಳಾದದ್ದರಲ್ಲಿ ಉಳಿದದ್ದನ್ನು ಹೆಕ್ಕಿ, ಎಲ್ಲವನ್ನೂ ಕ್ಲೌಡಿಗೆ ಸಾಗಿಸಿ ಕೊಟ್ಟು ಹೋಗು, ಆಮೇಲೆ ನಿನ್ನ ಸಹವಾಸ ಬೇಡ ಎಂದರಂತೆ ಸಾಹೇಬರು. ಅವಳನ್ನು ಕರೆಯಬೇಕೆಂದಿದ್ದ ಪಕ್ಕದ ಕಾರ್ಖಾನೆಯವರು ಸುಮ್ಮನಾದರು.

ಅವತ್ತು ಸಂಜೆ ಅವಳು ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. "ಮಲಕ್ಕೋ ಅಣ್ಣಾ. ಮೆಷಿನ್ ತಾನೇ, ಹೋಗ್ಲಿ. ನೀನು ಹುಷಾರಾಗು," ಎಂದು ಹೊದಿಕೆ ಸರಿ ಮಾಡಿದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಸಾಗಿಸುವ ಕೆಲಸ ಚಳಿಗಾಲದವರೆಗೂ ನಡೆಯಿತು. ಕೊನೆಯ ದಿನ ಉಳಿದ ಯಂತ್ರಗಳನ್ನು ಆರಿಸಲು ವಿಮಲಾ ಬಂದಳು. ಅವಳು ಲ್ಯಾಪ್‌ಟಾಪ್ ನೋಡಿ ಹೆಸರು ಹೇಳುತ್ತಿದ್ದಳು, ನಾನು ಗುಂಡಿ ಒತ್ತುತ್ತಿದ್ದೆ. ಒಂದೊಂದೇ ಫ್ಯಾನು ಇಳಿದಂತೆ ಸದ್ದು ತೆಳುವಾಗುತ್ತಾ ಬಂತು. ಕೊನೆಯದೂ ನಿಂತಾಗ ಆ ರೂಮಿನಲ್ಲಿ ಹಿಂದೆಂದೂ ಇರದಷ್ಟು ನಿಶ್ಶಬ್ದ. ಇಷ್ಟು ಕಾಲ ಆ ಗದ್ದಲದ ಹಿಂದೆ ಅಡಗಿ ಕೂತಿದ್ದೆನೇನೋ ಅನ್ನಿಸಿತು. ಬಾಯಿ ತಾನಾಗಿ ತೆರೆಯಿತು.

"ವಿಮಲಾ, ಆ ಎ.ಸಿ. ಸಾಕಾಗ್ತಿರಲಿಲ್ಲ."

ಪೈಪು, ಗೋಣಿಚೀಲ, ಗಂಟೆಯ ತಂತಿ, ಆಸ್ಪತ್ರೆಯಲ್ಲಿ ಮಾಡದ ಫೋನು, ಎಲ್ಲವನ್ನೂ ಹೇಳಿದೆ. ಅವಳು ಖಾಲಿ ಡಬ್ಬವೊಂದರ ಮೇಲೆ ಕೂತು ಕೇಳಿದಳು. ಮುಖ ಕೆಂಪಾಗುತ್ತಿತ್ತು.

"ನಾನು ಅಷ್ಟು ಕೇಳಿದೆನಲ್ಲ ಅಣ್ಣಾ! ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಲೆಕ್ಕದಲ್ಲಿ ನೀನೇ ಇರ್ಲಿಲ್ಲವಲ್ಲೋ. ಯಂತ್ರ ನಡೆಸ್ತಿದ್ದದ್ದು ನೀನು, ನಾನು ಎ.ಸಿ. ಅಂತ ಬರ್ಕೊಂಡೆ."

"ರೂಮು ಹೋದರೆ ನಾನೇನು ಮಾಡ್ಲಿ ಅಂತ..."

"ಸುಮ್ನಿರು." ಆಮೇಲೆ ಅವಳ ದನಿ ಬದಲಾಯಿತು. "ಅಂದ್ರೆ ಪ್ರತಿ ಬೇಸಿಗೆ, ರಜೆ ದಿನವೂ, ಇಲ್ಲೇ ಇರ್ತಿದ್ದೆಯಾ?"

"ಮತ್ತೆ? ಚೀಲ ಒಣಗುತ್ತಲ್ಲ."

"ಈದ್‌ಗೂ?"

"ಇತ್ತೀಚೆಗೆ ಈದ್ ಬರೋದೆಲ್ಲ ಆ ಬೇಸಿಗೆ ಬಿಸಿಲಲ್ಲೇ. ಹೇಗೆ ಬರಲಿ?"

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಕೈ ತೆಗೆದಾಗ ಅಳುವೂ ಇತ್ತು, ನಗುವೂ ಇತ್ತು.

"ದೀಪಾವಳಿಗೆ ಬರ್ತೀಯ, ಯುಗಾದಿಗೆ ಬರ್ತೀಯ, ಈದ್‌ಗೆ ಮಾತ್ರ 'ಕಾರ್ಖಾನೇಲಿ ಕೆಲಸ' ಅಂತೀಯ. ನಾನೇನಂತ ತಿಳ್ಕೊಳ್ಳಲಿ? ಅಣ್ಣನಿಗೆ ನನ್ನ ಮದುವೆ ಇಷ್ಟ ಇಲ್ಲ, ಬಾಯಲ್ಲಿ ಹೇಳಲ್ಲ ಅಂತ ತಿಳ್ಕೊಂಡೆ. ಅನ್ವರ್ ಪ್ರತಿ ಸಲ ನಿನಗೊಂದು ತಟ್ಟೆ ಇಡ್ತಾನೆ. ಎತ್ತಿಡೋವಾಗ ನನ್ನ ಮುಖ ನೋಡಲ್ಲ."

ಕಾರ್ಖಾನೆಯ ನಷ್ಟ, ಅವಳ ಕೆಲಸ, ಇವೇ ನನ್ನ ಸುಳ್ಳಿನ ಬೆಲೆ ಎಂದು ತಿಳಿದಿದ್ದೆ. ಆ ತಟ್ಟೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. "ಇಲ್ಲ ಕಣೇ, ದೇವರಾಣೆ ಇಲ್ಲ. ಚೀಲ ಒಣಗುತ್ತಿತ್ತು ಅಷ್ಟೇ," ಎಂದು ಮತ್ತೆ ಮತ್ತೆ ಹೇಳಿದೆ. ಅಷ್ಟು ದೊಡ್ಡ ನೋವಿಗೆ ಅಷ್ಟು ಸಣ್ಣ ಕಾರಣ ಕೇಳಿ ಅವಳಿಗೆ ಮತ್ತೆ ನಗು ಬಂತು. ನನಗೂ ಬಂತು. ಬಹಳ ವರ್ಷಗಳ ನಂತರ ಎದೆ ಹಗುರಾಗಿ ಉಸಿರಾಡಿದೆ.

ಅದೇ ಉಸಿರಿನಲ್ಲಿ ದೊಡ್ಡ ಸಾಹೇಬರ ಕೋಣೆಗೆ ಹೋದೆ. ವಿಮಲಾ ಬೇಡವೆಂದರೂ ನಿಲ್ಲಲಿಲ್ಲ. ಕೆಲಸ ಹೋಗುತ್ತದೆಂದೇ ತಿಳಿದು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದರೆ ಇಷ್ಟು ವರ್ಷ ಎ.ಸಿ. ನೀನೇ ಆಗಿದ್ದೆ," ಎಂದರು. "ಮತ್ತೆ ಆ ಹುಡುಗಿಗೆ ನಾನು ಬಾಯಿಗೆ ಬಂದ ಹಾಗೆ ಅಂದೆ." ನನ್ನೆದುರೇ ಅವಳಿಗೆ ಫೋನು ಮಾಡಿದರು, ಅವಳು ಹೊರಗಿನ ಕುರ್ಚಿಯಲ್ಲೇ ಕೂತಿದ್ದಳೆಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದ ಕಾರ್ಖಾನೆಯವರಿಗೂ ತಾವೇ ಹೇಳಿ ಸರಿಪಡಿಸಿದರು. ನನಗೆ ಮೂರು ದಿನ ಬೈದರು, ತೆಗೆಯಲಿಲ್ಲ.

ಮುಂದೆ ನಿವೃತ್ತಿಯವರೆಗೆ ನನ್ನ ಕೆಲಸ ಕುರ್ಚಿಯದ್ದಾಯಿತು. ಪರದೆಯ ಮೇಲೆ ಹಸಿರು ಇದ್ದರೆ ಸರಿ, ಕೆಂಪಾದರೆ ಫೋನು ಮಾಡು. ಆದರೆ ಕ್ಲೌಡ್ ಬಂದರೆ ತಲೆನೋವೇ ಇಲ್ಲ ಎಂದು ತಿಳಿಯಬೇಡಿ. ಒಮ್ಮೆ ರಸ್ತೆ ಅಗೆಯುವ ಜೆಸಿಬಿ ನಮ್ಮ ಇಂಟರ್ನೆಟ್ ಕೇಬಲ್ ಕಡಿದು ಹಾಕಿತು. ಯಂತ್ರಗಳೆಲ್ಲ ಎಲ್ಲೋ ಸುಖವಾಗಿ ನಡೆಯುತ್ತಿದ್ದವು, ನಮಗೆ ಮಾತ್ರ ದಾರಿ ಇರಲಿಲ್ಲ. ಆಮೇಲೆ ವಿಮಲಾ ಒಂದು ಸಣ್ಣ ಪೆಟ್ಟಿಗೆಯನ್ನು ಕಾರ್ಖಾನೆಯಲ್ಲೇ ಇಡಿಸಿದಳು. ಸಂಪರ್ಕ ಕಡಿದರೂ ಆ ದಿನದ ಚಲನ್ ಅದರಲ್ಲಿ ಮುದ್ರಣವಾಗುತ್ತದೆ. ಇನ್ನೊಮ್ಮೆ ಪರೀಕ್ಷೆಗೆಂದು ಬಾಡಿಗೆಗೆ ಪಡೆದ ಯಂತ್ರವನ್ನು ಆರಿಸಲು ಎಲ್ಲರೂ ಮರೆತು, ಬಿಲ್ಲು ನೋಡಿದ ತನೇಜಾ ಜೀ ನೀರು ಕೇಳಿದರು. ಕಣ್ಣೆದುರು ಗುಂಯ್ ಎನ್ನದ ಯಂತ್ರ ನೆನಪಿನಿಂದ ಬೇಗ ಜಾರುತ್ತದೆ.

ಹಾಗಾಗಿ ಕೇಳುವ ಹುಡುಗರಿಗೆ ನಾನು ಹೇಳುವುದಿಷ್ಟು. ಎರಡೂ ನಡೆಯುತ್ತವೆ. ತೂಗಿ ನೋಡುವಾಗ ಯಂತ್ರ, ಕರೆಂಟು, ಬಾಡಿಗೆ ಇವನ್ನೆಲ್ಲ ನೀವು ಹೇಗೂ ನೋಡುತ್ತೀರಿ. ಅದರ ಜೊತೆಗೆ ಒಬ್ಬ ಮನುಷ್ಯನನ್ನು ಹುಡುಕಿ. ಎಲ್ಲಿಯೂ ಬರೆಯದ ಕೆಲಸವೊಂದನ್ನು ದಿನಾ ಸದ್ದಿಲ್ಲದೆ ಮಾಡುತ್ತಿರುವವನು ಎಲ್ಲ ಕಡೆಯೂ ಒಬ್ಬನಿರುತ್ತಾನೆ. ಅವನಿಗೆ ಕಾಮಾಲೆಯಾದರೆ ಏನಾಗುತ್ತದೆ ಎಂದು ಕೇಳಿ. ಅವನು "ಏನಿಲ್ಲ, ಬೀಗ ಹಾಕಿದರೆ ಸಾಕು" ಎಂದರೆ ನಂಬಬೇಡಿ, ಎದ್ದು ಹೋಗಿ ಗೋಡೆಯ ಹಿಂದೆ ನೋಡಿ. ಆ ಮನುಷ್ಯ ನೀವೇ ಆಗಿದ್ದರೆ, ಬೇಗ ಹೇಳಿಬಿಡಿ. ರೂಮು ಹೋದರೂ ನೀವು ಉಳಿಯುತ್ತೀರಿ.

ಕಳೆದ ಜೂನಿನ ಒಂದು ಭಾನುವಾರ ಜನಕಪುರಿಯಲ್ಲಿ ಊಟಕ್ಕೆ ಕೂತಿದ್ದೆ. ಈಗ ಅವರು ಕರೆಯದಿದ್ದರೂ ನಾನು ಹೋಗುತ್ತೇನೆ. ಅನ್ವರ್ ಬಡಿಸುತ್ತಿದ್ದ. "ಅಣ್ಣಾರ, ನಾಚಬ್ಯಾಡ್ರಿ, ಇನ್ನೊಂದು ಸ್ವಲ್ಪ ಹಾಕ್ತೀನ್ರಿ." ಹೊರಗೆ ಬಿಸಿಲು ಸುಡುತ್ತಿತ್ತು. ಫಕ್ಕನೆ ಕರೆಂಟ್ ಹೋಯಿತು. ಬೀದಿಯುದ್ದಕ್ಕೂ ಜನರ ಉಸ್ಸಪ್ಪ ಕೇಳಿಸಿತು. ಫ್ಯಾನು ನಿಂತಿತು, ನಾನು ಎದ್ದು ನಿಂತಿದ್ದೆ. ಕೈಯಲ್ಲಿ ತುತ್ತು ಹಾಗೇ ಇತ್ತು.

ಎಲ್ಲರೂ ನನ್ನನ್ನೇ ನೋಡಿದರು.

"ಎಲ್ಲಿಗೆ ಅಣ್ಣಾ?" ಎಂದಳು ವಿಮಲಾ. ಅವಳ ತುಟಿಯ ಕೊನೆಯಲ್ಲಿ ನಗು ಇತ್ತು. "ಚೀಲ ಒಣಗ್ತಾ?"

ಸಾರಾ ಪಕ್ಕದಲ್ಲಿದ್ದ ಹಳೆಯ ಪೇಪರನ್ನು ಮಡಚಿ ನನ್ನ ಎಡಗೈಗೆ ತುರುಕಿದಳು. "ಮಾಮಾ, ಬೈಠೋ ನಾ. ಬಹುತ್ ಗರ್ಮಿ ಹೈ. ನಮ್ಗೆ ಗಾಳಿ ಹಾಕು."

ಕೂತೆ. ಬಲಗೈಯಲ್ಲಿ ಊಟ ಮಾಡುತ್ತಾ, ಎಡಗೈಯಲ್ಲಿ ಬೀಸತೊಡಗಿದೆ. ವಿಮಲಾ ಕಣ್ಣು ಮುಚ್ಚಿ, ಗಾಳಿಗೆ ಮುಖ ಕೊಟ್ಟು ಕೂತಳು.